ಆಟಿಸಂ ಇರುವ ಮಗನಿಗೆ ಸಮತೋಲನದ ವ್ಯಾಯಾಮ ಮಾಡಿಸುವುದು ಹೇಗೆ?

ಪ್ರಶ್ನೆ (ತಾಯಿ, ಶಿವಮೊಗ್ಗ):
ಆಟಿಸಂ ಇರುವ ನನ್ನ ಮಗನಿಗೆ 9 ವರ್ಷ. ತುದಿಗಾಲಿನಲ್ಲಿ ನಡೆಯುತ್ತಾನೆ, ಮೆಟ್ಟಿಲಿಳಿಯುವಾಗ ಒಂದೊಂದು ಮೆಟ್ಟಿಲಿನಲ್ಲೂ ಎರಡೂ ಪಾದಗಳನ್ನು ಊರಿ, ಗೋಡೆ ಹಿಡಿದೇ ಇಳಿಯುತ್ತಾನೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ಓಲಾಡುತ್ತಾನೆ. ಇಷ್ಟು ವರ್ಷ ಮಾತಿನ ತರಬೇತಿಯನ್ನಷ್ಟೇ ನೋಡಿಕೊಂಡೆವಲ್ಲ ಎಂಬ ಕೊರಗು ನನಗಿದೆ. ವ್ಯಾಯಾಮದಿಂದ ಸಮತೋಲನ ಸುಧಾರಿಸುವುದೇ?

ಉತ್ತರ 1 (ಮಕ್ಕಳ ಫಿಸಿಯೋಥೆರಪಿಸ್ಟ್):
ನೀವು ಸೋಪಿನ ಸಂಗತಿಯನ್ನು ಗಮನಿಸಿರುವುದು ಬಹಳ ಉಪಯುಕ್ತ. ಒಳಕಿವಿ, ಕಣ್ಣು, ಸ್ನಾಯು ಮತ್ತು ಕೀಲುಗಳಿಂದ ಬರುವ ಸೂಚನೆಗಳನ್ನು ಮೆದುಳು ಒಟ್ಟುಗೂಡಿಸಿಕೊಂಡಾಗಲೇ ದೇಹ ಸ್ಥಿರವಾಗಿ ನಿಲ್ಲುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಹೊಂದಾಣಿಕೆ ಸಲೀಸಾಗಿ ನಡೆಯದ ಕಾರಣ, ಕಣ್ಣು ಮುಚ್ಚಿದಾಗ ಅಥವಾ ಮೆತ್ತನೆಯ ಹಾಸಿನ ಮೇಲೆ ನಿಂತಾಗ ಓಲಾಟ ಹೆಚ್ಚುತ್ತದೆ. ಟೇಕ್ವಾಂಡೊ (ಕೊರಿಯಾದ ಸಮರಕಲೆ), ಟ್ರ್ಯಾಂಪೊಲಿನ್ (ಪುಟಿಯುವ ಹಾಸಿನ ಮೇಲೆ ಜಿಗಿಯುವುದು) ಮೊದಲಾದವುಗಳನ್ನು ಕೆಲವು ವಾರಗಳ ಕಾಲ ನಿಯಮಿತವಾಗಿ ಮಾಡಿಸಿದ ಅಧ್ಯಯನಗಳಲ್ಲಿ ಸುಧಾರಣೆ ಕಂಡುಬಂದಿದೆ. ಆದರೆ ಹೆಚ್ಚಿನವು ಸಣ್ಣ ಗುಂಪುಗಳ ಅಧ್ಯಯನಗಳಾದ್ದರಿಂದ, ಇಂಥ ವ್ಯಾಯಾಮವೇ ಶ್ರೇಷ್ಠವೆಂದು ನಾನು ಹೇಳಲಾರೆ.

ತುದಿಗಾಲಿನ ನಡಿಗೆ ಇರುವುದರಿಂದ ಮೊದಲು ಮೀನಖಂಡದ ಸ್ನಾಯು ಬಿಗಿದಿದೆಯೇ ಎಂದು ತಜ್ಞರಿಂದ ಪರೀಕ್ಷೆ ಮಾಡಿಸಿ. ಹಿಮ್ಮಡಿ ನೆಲಕ್ಕೆ ಊರದಿದ್ದರೆ ಉಳಿದ ಅಭ್ಯಾಸವೆಲ್ಲ ಕಷ್ಟವಾಗುತ್ತದೆ. ಬಳಿಕ ನೆಲಕ್ಕೆ ಅಂಟಿಸಿದ ಟೇಪಿನ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಸುವುದು, ಗೋಡೆಯ ಆಸರೆಯಲ್ಲಿ ಒಂಟಿಕಾಲಿನಲ್ಲಿ ನಿಲ್ಲಿಸುವುದು, ಅದು ಸಲೀಸಾದ ಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲಿಸುವುದು, ಹೀಗೆ ಮುಂದುವರಿಯಬಹುದು. ಕಣ್ಣು ಮುಚ್ಚಿಸುವ ಅಭ್ಯಾಸ ಕೊನೆಗಿರಲಿ. ಆಗ ನೀವು ಕೈಗೆಟಕುವಷ್ಟು ಹತ್ತಿರದಲ್ಲೇ ಇರಬೇಕು.

ಉತ್ತರ 2 (ತಂದೆ, ಮೈಸೂರು):
ನನ್ನ 13 ವರ್ಷದ ಮಗಳು ಒಂದು ವ್ಯಾಯಾಮ ತರಗತಿಯ ಸೀಟಿಯ ಸದ್ದಿಗೇ ಬೆದರಿ ಅಲ್ಲಿಗೆ ಹೋಗುವುದನ್ನು ಬಿಟ್ಟಳು. ನಂತರ ನಾವು ಅಂಗಳದಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಚೌಕಗಳನ್ನು ಬರೆದೆವು. ಸುಮಾರು ಎರಡು ತಿಂಗಳು ಎರಡೂ ಕಾಲಿನಲ್ಲೇ ಜಿಗಿದಳು, ನಾವು ಅವಸರಿಸಲಿಲ್ಲ. ದಿನವೂ ಅದೇ ಹೊತ್ತು, ಅದೇ ಕ್ರಮ. ಮುಂದೇನು, ಇನ್ನೆಷ್ಟು ಸಲ ಎಂಬುದಕ್ಕೆ ಚಿತ್ರದ ಚೀಟಿಗಳು. ಅಭ್ಯಾಸ ಮುಗಿಯುವುದು ಯಾವಾಗ ಎಂದು ಮೊದಲೇ ತಿಳಿದ ದಿನಗಳಲ್ಲಿ ಅವಳು ಅಳಲಿಲ್ಲ. ಈಗ ಒಂಟಿಕಾಲಿನಲ್ಲಿ ಮೂರು ಚೌಕ ದಾಟುತ್ತಾಳೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸುಧಾರಿಸಿದ ಮೇಲೆ ಅಭ್ಯಾಸ ನಿಲ್ಲಿಸಬಹುದೇ?

ಉತ್ತರ 1:
ನಿಲ್ಲಿಸಬೇಡಿ, ದಿನಚರಿಯಲ್ಲೇ ಬೆರೆಸಿಬಿಡಿ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ 5ರಿಂದ 17 ವರ್ಷದ ಮಕ್ಕಳಿಗೆ, ಅಂಗವೈಕಲ್ಯ ಇರುವವರಿಗೂ, ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆಯನ್ನು ಸೂಚಿಸಿದೆ. ನಿಮ್ಮ ಮಗ ಈಗ 10 ನಿಮಿಷ ಮಾಡಿದರೂ ಸಾಕು, ಅಲ್ಲಿಂದಲೇ ಆರಂಭಿಸಿ.