ಆರನೇ ಕ್ಲಾಸಿನ ಗದ್ದಲ: ಬಿ.ಎಡ್.ನಲ್ಲಿ ನಾವು ಓದಿದ ಸ್ಕಿನ್ನರ್ ಕೆಲಸಕ್ಕೆ ಬರುತ್ತಾನಾ?

ಕೇಳಿದ್ದು: ಪೀಣ್ಯ ಕಡೆಯ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಮಕ್ಕಳು ಕೈ ಎತ್ತದೆ ಕೂಗುತ್ತಾರೆ, ಪಾಠದ ಮಧ್ಯೆ ಎದ್ದು ಓಡಾಡುತ್ತಾರೆ. ಬೈದರೆ ಎರಡು ನಿಮಿಷ ಸುಮ್ಮನಿರುತ್ತಾರೆ, ಮತ್ತೆ ಶುರು. ಹೊರಗೆ ನಿಲ್ಲಿಸಿಯೂ ಆಯ್ತು. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಹೇಳಿದ ಪುನರ್ಬಲನ, ಅಂದರೆ ಮಾಡಿದ್ದರ ಬೆನ್ನಿಗೇ ಸಿಗುವ ಫಲದಿಂದ ಆ ನಡವಳಿಕೆ ಹೆಚ್ಚಾಗುವುದು, ಅಂತೆಲ್ಲ ಓದಿದ್ದೆವಲ್ಲ, ಅದನ್ನು ಕ್ಲಾಸಲ್ಲಿ ಮಾಡಿ ನೋಡಿದವರು ಇದ್ದರೆ ಹೇಳಿ.

ಉತ್ತರ (ಕನ್ನಡ ಶಿಕ್ಷಕಿ, ರಾಜಾಜಿನಗರ): ಖಂಡಿತ ಕೆಲಸಕ್ಕೆ ಬರುತ್ತೆ ಮೇಡಂ. ಆದರೆ ಚಾಕಲೇಟು, ಸ್ಟಾರು ತರುವ ಮೊದಲು ಒಂದು ವಿಷಯ ಗಮನಿಸಿ. ಹುಡುಗ ಕೂಗಿದ ತಕ್ಷಣ ಅವನಿಗೆ ಏನು ಸಿಗುತ್ತೆ? ನೀವು ಬೋರ್ಡು ಬಿಟ್ಟು ತಿರುಗುತ್ತೀರಿ, ಹೆಸರು ಹಿಡಿದು ಬೈಯುತ್ತೀರಿ, ಕ್ಲಾಸೆಲ್ಲ ಅವನ ಕಡೆ ನೋಡಿ ನಗುತ್ತೆ. ನಮ್ಮ ಲೆಕ್ಕದಲ್ಲಿ ಅದು ಶಿಕ್ಷೆ, ಅವನಿಗೆ ಅದೇ ಬಹುಮಾನ. ಹೊರಗೆ ನಿಲ್ಲಿಸುವುದೂ ಅಷ್ಟೇ. ಭಿನ್ನರಾಶಿ ಅಂದರೆ ಆಗದವನಿಗೆ ಕಾರಿಡಾರೇ ಆರಾಮ. ನಾಳೆಯೂ ಅದನ್ನೇ ಮಾಡುತ್ತಾನೆ.

ನನ್ನ ಕ್ಲಾಸಲ್ಲಿ ಒಬ್ಬ "ಮಿಸ್, ಮಿಸ್, ಮಿಸ್" ಅಂತ ಬೆಂಚು ಬಡಿಯುತ್ತಿದ್ದ. ಅವನ ಕಡೆ ತಿರುಗುವುದನ್ನೇ ಬಿಟ್ಟೆ. ಪಕ್ಕದವಳು ಕೈ ಎತ್ತಿದರೆ "ಕೈ ಎತ್ತಿ ಕಾದೆಯಲ್ಲ, ಹೇಳಮ್ಮ" ಅಂತ ಅವನಿಗೆ ಕೇಳುವ ಹಾಗೆ ಹೇಳುತ್ತಿದ್ದೆ. ಬರೀ "ಗುಡ್" ಸಾಲದು, ಯಾವ ಕೆಲಸಕ್ಕೆ ಮೆಚ್ಚಿದಿರಿ ಅಂತ ಗೊತ್ತಾಗಬೇಕು. ಮೊದಮೊದಲು ಅವನು ಕೂಗುತ್ತಲೇ ಕೈ ಎತ್ತಿದ. ಅದಕ್ಕೂ ಅವಕಾಶ ಕೊಟ್ಟೆ. ಆಮೇಲೆ ಕೂಗದೆ ಎತ್ತಿದರೆ ಮಾತ್ರ, ಆಮೇಲೆ ಸ್ವಲ್ಪ ಕಾದರೆ ಮಾತ್ರ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದ.

ಎಚ್ಚರ ಬೇಕಾಗಿರುವುದು ಮಧ್ಯದಲ್ಲಿ. ನೀವು ಗಮನ ಕೊಡುವುದು ನಿಲ್ಲಿಸಿದ ಮೇಲೆ ಗದ್ದಲ ಮೊದಲು ಜಾಸ್ತಿಯಾಗಬಹುದು. ಅಲ್ಲಿ ಸೋತು ಬೈದುಬಿಟ್ಟರೆ, ಇಷ್ಟು ಜೋರಾಗಿ ಕೂಗಿದರೇ ಮಿಸ್ ತಿರುಗೋದು ಅಂತ ಕಲಿಯುತ್ತಾನೆ. ಅಪರೂಪಕ್ಕೊಮ್ಮೆ ಸಿಗುವ ಬಹುಮಾನದಿಂದ ಬೆಳೆದ ಅಭ್ಯಾಸ ಬಿಡಿಸುವುದು ಇನ್ನೂ ಕಷ್ಟ. ಹೊಡೆದಾಟ, ಅಣಕಿಸುವುದು ಇದ್ದರೆ ಮಾತ್ರ ಸುಮ್ನೆ ಬಿಡಬೇಡಿ, ತಕ್ಷಣ ತಡೆಯಿರಿ.

1968ರಲ್ಲಿ ಮ್ಯಾಡ್ಸನ್, ಬೆಕರ್, ಥಾಮಸ್ ಅನ್ನುವ ಸಂಶೋಧಕರು ಪ್ರೈಮರಿ ಕ್ಲಾಸುಗಳಲ್ಲಿ ಇದನ್ನೇ ಪರೀಕ್ಷಿಸಿದ್ದರು. ಬರೀ ನಿಯಮ ಹೇಳಿದ್ದರಿಂದ ಹೆಚ್ಚೇನೂ ಆಗಲಿಲ್ಲ. ತಂಟೆಯನ್ನು ಕಡೆಗಣಿಸಿ, ಒಳ್ಳೆಯದನ್ನು ಮೆಚ್ಚಿದಾಗ ಕ್ಲಾಸು ಬದಲಾಯಿತು.

ಉತ್ತರ (ಗಣಿತ ಮೇಷ್ಟ್ರು, ಕೆಂಗೇರಿ): ಇಡೀ ಕ್ಲಾಸಿಗೆ ಬೇಕಿದ್ದರೆ ಗುಂಪು ಆಟ ಮಾಡಿಸಿ. ಎರಡು ಗುಂಪು, ನಿಯಮ ಮುರಿದರೆ ಬೋರ್ಡ್ ಮೇಲೆ ಆ ಗುಂಪಿಗೊಂದು ಗೆರೆ. ಗೆರೆ ಮಿತಿಯೊಳಗಿದ್ದರೆ ಎರಡೂ ಗೆಲ್ಲಬಹುದು. 1969ರಲ್ಲಿ ಅಮೆರಿಕದ ನಾಲ್ಕನೇ ಕ್ಲಾಸೊಂದರಲ್ಲಿ ಮಾಡಿದ ಪ್ರಯೋಗ ಇದು. ಬೇಕಂತಲೇ ಗೆರೆ ಹಾಕಿಸುವವರು ಇದ್ದೇ ಇರುತ್ತಾರೆ. ಅಲ್ಲೂ ಇದ್ದರು, ಅವರನ್ನು ಬೇರೆ ಗುಂಪು ಮಾಡಿದರು. ಬಹುಮಾನಕ್ಕೆ ದುಡ್ಡು ಬೇಡ, ಕೊನೆಯ ಹತ್ತು ನಿಮಿಷ ಒಗಟು ಸಾಕು. ಪಿಟಿ ಪೀರಿಯಡ್ ಮಾತ್ರ ಕಿತ್ತುಕೊಳ್ಳಬೇಡಿ.

ಉತ್ತರ (ನಿವೃತ್ತ ಮುಖ್ಯ ಶಿಕ್ಷಕಿ, ಮಲ್ಲೇಶ್ವರ): ಇಬ್ಬರ ಮಾತೂ ಸರಿ. ನಾನು ಒಂದೆರಡು ಸೇರಿಸುತ್ತೇನಮ್ಮ. ಮಕ್ಕಳು ಇಷ್ಟಪಟ್ಟು ಮಾಡುವ ಕೆಲಸಕ್ಕೆ ಸ್ಟಾರ್ ಕಟ್ಟಬೇಡಿ. 1973ರ ಒಂದು ಪ್ರಯೋಗದಲ್ಲಿ ಚಿತ್ರ ಬರೆಯುವುದೇ ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬರೆಸಿದರು. ಆಮೇಲೆ ಬಹುಮಾನ ಇಲ್ಲದಾಗ ಅವರ ಆಸಕ್ತಿಯೇ ಕಡಿಮೆಯಾಗಿತ್ತು. ಲೈಬ್ರರಿ ಪುಸ್ತಕ ತಾನಾಗಿ ಓದುವ ಮಗುವನ್ನು ಹಾಗೇ ಓದಲು ಬಿಡಿ.

ಇನ್ನೊಂದು, ಎದ್ದು ಓಡಾಡುವ ಮಗುವಿಗೆ ಬೋರ್ಡ್ ಕಾಣಿಸುತ್ತಾ ನೋಡಿ. ಮನೆಯಲ್ಲಿ ತೆಲುಗೋ ಹಿಂದಿಯೋ ಆಡುವ ಮಗುವಾದರೆ, ನೀವು ಹೇಳಿದ್ದು ಅರ್ಥವಾಗದೆ ಪಕ್ಕದವನನ್ನು ಕೇಳಲು ಎದ್ದಿರಬಹುದು. ಅದನ್ನು ಪುನರ್ಬಲನದಿಂದ ಸರಿಮಾಡಲು ಹೋದರೆ ಮಗುವಿಗೆ ಅನ್ಯಾಯ. ಹೊಡೆಯುವುದು, ಹೀಯಾಳಿಸುವುದನ್ನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಪೀರಿಯಡ್, ಗದ್ದಲಕ್ಕೆ ಮೊದಲು ಏನಾಯಿತು, ಆದಮೇಲೆ ಮಗುವಿಗೆ ಏನು ಸಿಕ್ಕಿತು. ಬರೆದದ್ದನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.