ಏರಿನಲ್ಲಿ ಹಾರ್ಟ್ ರೇಟ್ 170 ದಾಟುತ್ತಿದೆ, ನಿಧಾನ ಓಡುವುದು ಹೇಗೆ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ವಯಸ್ಸು 38, ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಐದು ತಿಂಗಳಿಂದ ಓಡುತ್ತಿದ್ದೇನೆ, ವಾರಕ್ಕೆ ನಾಲ್ಕು ದಿನ, 5-6 ಕಿ.ಮೀ. ಮುಂದಿನ ವರ್ಷ 21 ಕಿ.ಮೀ ಓಡಬೇಕು ಅಂತ ಆಸೆ ಇದೆ. ಹೋದ ತಿಂಗಳು ತಂಗಿ ಹಾರ್ಟ್ ರೇಟ್ ತೋರಿಸುವ ವಾಚು ಕೊಡಿಸಿದಳು, ಅಲ್ಲಿಂದ ಗೊಂದಲ ಶುರುವಾಯಿತು.

220ರಲ್ಲಿ ವಯಸ್ಸು ಕಳೆದರೆ ಹೃದಯ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಬಡಿಯಬಹುದು ಅನ್ನುವ ಲೆಕ್ಕ ಸಿಗುತ್ತದಂತೆ, ನನಗೆ 182. ಹಗುರ ಓಟ ಅದರ 70% ಒಳಗೆ ಇರಬೇಕು ಅಂತಾರೆ, ಅಂದರೆ 127. ನಮ್ಮ ಮನೆಯಿಂದ ಟಾರ್ ರಸ್ತೆಗೆ ಬರುವುದೇ ಒಂದು ಮಣ್ಣಿನ ಏರು. ಅದನ್ನು ಹತ್ತಿ ಮುಗಿಸುವಷ್ಟರಲ್ಲಿ ವಾಚು 172 ತೋರಿಸುತ್ತದೆ, ಆದರೆ ನನಗೆ ಅಷ್ಟು ಏದುಸಿರೇನೂ ಇರುವುದಿಲ್ಲ, ಡೈರಿಗೆ ಹಾಲು ಹಾಕಲು ಹೋಗುವವರನ್ನು ನಿಲ್ಲದೆ ಮಾತಾಡಿಸಿಕೊಂಡೇ ಓಡುತ್ತೇನೆ. 127ರ ಒಳಗೆ ಇರಬೇಕು ಅಂದರೆ ಪೂರ್ತಿ ನಡೆಯಬೇಕಾಗುತ್ತದೆ. ಅಪ್ಪನಿಗೆ 58ಕ್ಕೆ ಹಾರ್ಟ್ ಅಟ್ಯಾಕ್ ಆಗಿತ್ತು, ಅದಕ್ಕೇ ಈ ನಂಬರ್ ನೋಡಿದರೆ ಭಯ. ವಾಚು ನಂಬಬೇಕಾ, ಮೈ ನಂಬಬೇಕಾ?

ಗೋಪಾಳದ ಓಟ:
ಮೊದಲು ವಾಚಿನ ಲೆಕ್ಕ ಸರಿ ಇದೆಯಾ ನೋಡಿ ಸರ್. 172 ಅಂದ ಕೂಡಲೇ ನನಗೆ ಅನುಮಾನ ಬಂತು. ಓಡುವಾಗ ತುಂಬಾ ಜನರ ಹೆಜ್ಜೆ ನಿಮಿಷಕ್ಕೆ 160-180 ಇರುತ್ತದೆ. ಕೈಗೆ ಕಟ್ಟುವ ವಾಚು ಚರ್ಮದೊಳಗೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ಪಟ್ಟಿ ಸಡಿಲ ಇದ್ದು ವಾಚು ಕುಣಿಯುತ್ತಿದ್ದರೆ ಎಷ್ಟೋ ಸಲ ಬಡಿತದ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ. ನಮ್ಮ ಕಡೆಯ ಚಳಿಗಾಲದ ಬೆಳಿಗ್ಗೆ ಕೈ ಮರಗಟ್ಟಿದ್ದರಂತೂ ಚರ್ಮಕ್ಕೆ ರಕ್ತ ಸರಿಯಾಗಿ ಬರುವುದೇ ಇಲ್ಲ, ಮೊದಲ ಹತ್ತು ನಿಮಿಷದ ನಂಬರನ್ನು ನಾನು ನೋಡುವುದೇ ಇಲ್ಲ.

ಹೀಗೆ ಮಾಡಿ. ಏರು ಮುಗಿದ ತಕ್ಷಣ ನಿಂತು, ಕತ್ತಿನ ಒಂದು ಪಕ್ಕ ಎರಡು ಬೆರಳು ಮೆಲ್ಲಗೆ ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷ ಪೂರ್ತಿ ಎಣಿಸಲು ಹೋಗಬೇಡಿ, ನಿಂತರೆ ಬಡಿತ ಬೇಗ ಇಳಿಯುತ್ತದೆ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಸ್ವಲ್ಪ ಬಿಗಿಯಾಗಿ ಕಟ್ಟಿ. ಆಮೇಲೂ ಹೊಂದಿಕೆ ಆಗದಿದ್ದರೆ ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ, ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಒಳಬದಿ ಒದ್ದೆ ಮಾಡಿ ಕಟ್ಟಬೇಕು, ಒಣಗಿದ್ದರೆ ಬೆವರು ಬರುವ ತನಕ ಅದೂ ತಪ್ಪು ತೋರಿಸುತ್ತದೆ.

ಸಾಗರದವಳು:
ವಾಚು ಸರಿ ಇದ್ದರೂ ನಿಮ್ಮ 127 ಸರಿ ಇಲ್ಲ ಅಂತ ನನ್ನ ಅನಿಸಿಕೆ. 220 ಮೈನಸ್ ವಯಸ್ಸು ಅನ್ನುವುದು ಸಾವಿರಾರು ಜನರ ಸರಾಸರಿಗೆ ಹತ್ತಿರ ಬರುವ ಅಂದಾಜು, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ತೀರಾ ಮಾಮೂಲಿ. ನನಗೆ 44, ಲೆಕ್ಕದ ಪ್ರಕಾರ 176 ದಾಟಬಾರದು. 5 ಕಿ.ಮೀ ರೇಸಿನ ಕೊನೆಯಲ್ಲಿ ಎದೆಪಟ್ಟಿಯಲ್ಲೇ 189 ನೋಡಿದ್ದೇನೆ. ಎರಡು ವರ್ಷ ಆ ಸೂತ್ರ ನಂಬಿ ಸುಮ್ನೆ ನಡೆದೆನಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಬಡಿತ ಎಣಿಸಿ. 62 ಇದೆ ಅಂದುಕೊಳ್ಳಿ. 182ರಲ್ಲಿ 62 ಹೋದರೆ 120. ಅದರ 70% ಅಂದರೆ 84, ಅದಕ್ಕೆ ಮತ್ತೆ 62 ಕೂಡಿಸಿದರೆ 146. ಕಾರ್ವೊನೆನ್ ಲೆಕ್ಕ ಅಂತಾರೆ ಇದಕ್ಕೆ. ಅದೇ 70%, ಆದರೆ ಒಂದು ಕಡೆ 127, ಇನ್ನೊಂದು ಕಡೆ 146. ನಡೆಯುವುದಕ್ಕೂ ಓಡುವುದಕ್ಕೂ ಇರುವ ವ್ಯತ್ಯಾಸವೇ ಅದು, ಅಲ್ವಾ?

ಇನ್ನೂ ಸರಿಯಾಗಿ ಬೇಕಾದರೆ ಸಮತಟ್ಟಾದ ಜಾಗದಲ್ಲಿ, ಶಾಲೆ ಮೈದಾನ ಸಾಕು, 30 ನಿಮಿಷ ಒಂದೇ ಸಮ ಆದಷ್ಟು ಜೋರಾಗಿ ಓಡಿ. ಮೊದಲ ಹತ್ತು ನಿಮಿಷ ಬಿಟ್ಟು ಉಳಿದ 20 ನಿಮಿಷದ ಬಡಿತದ ಸರಾಸರಿ ತಗೊಳ್ಳಿ. ಹಗುರ ಓಟ ಅದರ 90% ಕೆಳಗೇ ಇರಲಿ. 168 ಬಂದರೆ ಸುಮಾರು 150ರ ಕೆಳಗೆ.

ಇನ್ನು ಮಲೆನಾಡಿನ ಏರು. ಇಲ್ಲಿ ಎರಡು ಕಿ.ಮೀ ಸಪಾಟು ರಸ್ತೆ ಸಿಗುವುದೇ ಕಷ್ಟ ಮಾರಾಯ್ರೆ. ಏರಲ್ಲಿ ಬಡಿತ ತಕ್ಷಣ ಏರುವುದಿಲ್ಲ, ಅರ್ಧ ನಿಮಿಷವೋ ಒಂದು ನಿಮಿಷವೋ ತಡವಾಗಿ ಬರುತ್ತದೆ, ಹಾಗಾಗಿ ಚಿಕ್ಕ ಏರಿಗೆ ವಾಚು ನೋಡಿ ಪ್ರಯೋಜನ ಇಲ್ಲ, ಅದು ಎಚ್ಚರಿಸುವಷ್ಟರಲ್ಲಿ ನೀವು ಇಳಿಜಾರಲ್ಲಿ ಇರುತ್ತೀರಿ. ಅಲ್ಲಿ ಉಸಿರೇ ಅಳತೆ. ಒಂದು ಪೂರ್ತಿ ವಾಕ್ಯ ತಡೆಯದೆ ಹೇಳಲು ಆಗುತ್ತಾ? ಹಾಗಾದರೆ ಓಡಿ. ಎರಡು ಪದಕ್ಕೆ ಉಸಿರು ಸಿಕ್ಕಿಕೊಂಡರೆ ಹೆಜ್ಜೆ ಚಿಕ್ಕದು ಮಾಡಿ, ಆಗಲಿಲ್ಲ ಅಂದರೆ ನಡೆಯಿರಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಕೆಳಗಿನಿಂದ ಹತ್ತಿದಾಗ ನಾನು ಅರ್ಧಕ್ಕರ್ಧ ನಡೆದೇ ಹತ್ತಿದ್ದು, ಅದರಲ್ಲಿ ನಾಚಿಕೆ ಏನೂ ಇಲ್ಲ.

ಏಪ್ರಿಲ್-ಮೇ ಸೆಕೆಯಲ್ಲಿ ಅದೇ ವೇಗಕ್ಕೆ ಬಡಿತ ಹತ್ತು ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಗಾಳಿಯಲ್ಲಿ ತೇವ ಇದ್ದರೆ ಬೆವರು ಆರುವುದಿಲ್ಲ, ಮೈ ತಣ್ಣಗಾಗಿಸಲು ಚರ್ಮಕ್ಕೆ ರಕ್ತ ಜಾಸ್ತಿ ಹೋಗಬೇಕು, ಮೈಯಲ್ಲಿ ನೀರೂ ಕಡಿಮೆ ಆಗಿರುತ್ತದೆ, ಅದಕ್ಕೆ ಹೃದಯ ಬೇಗ ಬೇಗ ಬಡಿಯುತ್ತದೆ. ಅಂಥ ದಿನ ವೇಗ ಬಿಟ್ಟುಕೊಡಿ.

ನರ್ಸಕ್ಕ:
ಮೇಲಿನವರು ಹೇಳಿದ 30 ನಿಮಿಷದ ಓಟ ಒಳ್ಳೆಯದೇ, ಆದರೆ ತಮ್ಮಾ, ನೀನು ಅಪ್ಪನ ವಿಷಯ ಬರೆದಿದ್ದೀಯ, ಹಾಗಾಗಿ ಅದನ್ನು ಈಗಲೇ ಮಾಡಬೇಡ. ಮೊದಲು ಡಾಕ್ಟರ್ ಹತ್ತಿರ ಹೋಗಿ ಅಪ್ಪನ ಕಥೆ ಪೂರ್ತಿ ಹೇಳು. ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ, ಬೇಕು ಅನಿಸಿದರೆ ಟ್ರೆಡ್‌ಮಿಲ್ ಟೆಸ್ಟ್ ಅವರೇ ಬರೆಯುತ್ತಾರೆ. ಓಡುವಾಗ ಎದೆ ಹಿಡಿದಂತೆ ಆದರೆ, ತಲೆ ಸುತ್ತಿದರೆ, ಬಡಿತ ತಾಳ ತಪ್ಪಿದಂತೆ ಅನಿಸಿದರೆ ವಾಚು ಏನೇ ತೋರಿಸಲಿ, ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗು. ಬಿ.ಪಿ. ಮಾತ್ರೆ ತಗೊಳ್ಳುವವರೂ ಇದನ್ನು ಓದುತ್ತಿರಬಹುದು, ನಿಮಗೂ ಒಂದು ಮಾತು. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಬಡಿತವನ್ನು ಏರಲು ಬಿಡುವುದಿಲ್ಲ, ನಿಮಗೆ ಈ ಸೂತ್ರಗಳು ಯಾವುದೂ ಹೊಂದುವುದಿಲ್ಲ.

ತೋಟದಮನೆ:
ಇವತ್ತು ಬೆಳಿಗ್ಗೆ ನೋಡಿದೆ. ಏರಿನ ತುದಿಯಲ್ಲಿ ಹಲಸಿನ ಮರದ ಕೆಳಗೆ ನಿಂತು ಎಣಿಸಿದರೆ 15 ಸೆಕೆಂಡಿಗೆ 36, ಅಂದರೆ 144. ವಾಚು ಅದೇ ಹೊತ್ತಿಗೆ 171 ತೋರಿಸುತ್ತಿತ್ತು! ಮೇಲಕ್ಕೆ ಸರಿಸಿ ಬಿಗಿ ಮಾಡಿ ಮತ್ತೆ ಕೆಳಗಿಂದ ಓಡಿದೆ, ಈ ಸಲ 149, ಬೆರಳಿಗೆ 148. ಒಂದು ತಿಂಗಳಿಂದ ನಾನು ನೋಡಿ ಹೆದರಿದ್ದು ನನ್ನ ಹೆಜ್ಜೆಯ ಲೆಕ್ಕ ಅಂತ ಕಾಣುತ್ತದೆ.

ಅಕ್ಕಾ, ನೀವು ಹೇಳಿದ್ದು ಮನೆಯವಳಿಗೂ ಓದಿ ಹೇಳಿದೆ. ಸೋಮವಾರ ಶಿವಮೊಗ್ಗಕ್ಕೆ ಹೋಗುವುದಿದೆ, ಡಾಕ್ಟರನ್ನು ನೋಡಿಕೊಂಡೇ ಬರುತ್ತೇನೆ. ಅವರು ಸರಿ ಅಂದ ಮೇಲೆ ಶಾಲೆ ಮೈದಾನದ ಓಟ. ಅಲ್ಲಿಯವರೆಗೆ ಮಾತಾಡಿಕೊಂಡು ಓಡುವಷ್ಟೇ ವೇಗ.