ಹಬ್ ಬದಲಿಸಬೇಕಾ, ರೂಟರ್ ಬದಲಿಸಬೇಕಾ?

ಪ್ರಶ್ನೆ: ಗದಗದಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಆರು ಕಂಪ್ಯೂಟರ್, ಒಂದು ಪ್ರಿಂಟರ್, ಎಲ್ಲವೂ ಅಪ್ಪ ತಂದಿದ್ದ ಹಳೇ ಹಬ್‌ಗೆ (ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ, ಕೇಬಲ್ ಚುಚ್ಚಲು 8 ಪೋರ್ಟ್) ಸೇರಿವೆ. ಲಗ್ನಪತ್ರಿಕೆ ಸೀಸನ್‌ನಲ್ಲಿ ಒಬ್ಬರು ದೊಡ್ಡ ಫೈಲ್ ಕಳಿಸಿದರೆ ಉಳಿದವರ ಕೆಲಸ ನಿಂತೇ ಬಿಡುತ್ತದೆ. ಏನು ಬದಲಿಸಲಿ?

ಉತ್ತರ: ಹಬ್ ತೆಗೆದು ಸ್ವಿಚ್ ಹಾಕಿ ಸರ್, ಅದೂ ನೋಡಲು ಅಂಥದ್ದೇ ಪೆಟ್ಟಿಗೆ. ನಾನು ಹುಬ್ಬಳ್ಳಿಯಲ್ಲಿ ಕೇಬಲ್ ಎಳೆಯುವ ಕೆಲಸ ಮಾಡುತ್ತೇನೆ, ಇದನ್ನು ಬಹಳ ಕಡೆ ನೋಡಿದ್ದೇನೆ. ಹಬ್‌ಗೆ ಯಾರ ಗುರುತೂ ಇಲ್ಲ. ಒಂದು ಪೋರ್ಟಿಗೆ ಬಂದದ್ದನ್ನು ಉಳಿದ ಏಳಕ್ಕೂ ಕಳಿಸುತ್ತದೆ. ನಮ್ಮೂರ ಮಾರುಕಟ್ಟೆ ದುರ್ಗದ ಬೈಲಿನಲ್ಲಿ ಒಬ್ಬರನ್ನು ಕರೆಯಲು ಮೈಕ್ ಹಿಡಿದು ಕೂಗಿದ ಹಾಗೆ. ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿ. ಇಬ್ಬರೂ ಸ್ವಲ್ಪ ತಡೆದು ಮತ್ತೆ ಕಳಿಸಬೇಕು. ನಿಮ್ಮಲ್ಲಿ ಆಗುತ್ತಿರುವುದು ಇದೇ ಅಲ್ವಾ?

ಸ್ವಿಚ್ ಹಾಗಲ್ಲ. ಕಳಿಸಿದವರ ಮ್ಯಾಕ್ ವಿಳಾಸ (ಪ್ರತಿ ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ನೋಡಿ, ಯಾವ ಪೋರ್ಟಿನಲ್ಲಿ ಯಾರಿದ್ದಾರೆಂದು ನೆನಪಿಡುತ್ತದೆ. ಆಮೇಲೆ ಪ್ರಿಂಟರ್‌ನ ಫೈಲ್ ಪ್ರಿಂಟರ್‌ಗಷ್ಟೇ ಹೋಗುತ್ತದೆ. ಗುರುತಿಲ್ಲದ ವಿಳಾಸವಾದರೆ ಉಳಿದ ಎಲ್ಲ ಪೋರ್ಟಿಗೂ ಕಳಿಸಿ, ಉತ್ತರ ಬಂದಾಗ ಕಲಿಯುತ್ತದೆ.

ಇನ್ನೊಬ್ಬರು: ಸುಮ್ನೆ ರೂಟರ್‌ಗೆ ದುಡ್ಡು ಹಾಕಬೇಡಿ. ಅದು ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರಕ್ಕೆ ಕೊಡುವ ವಿಳಾಸ) ನೋಡಿ ಹೊರಗಿನ ಇಂಟರ್ನೆಟ್‌ಗೆ ದಾರಿ ತೋರಿಸುತ್ತದೆ. ಒಳಗಿನ ಫೈಲಿಗೆ ಅದರ ಅಗತ್ಯವೇ ಇಲ್ಲ. ಒಂದೇ ಕೇಬಲ್‌ನ ಎರಡೂ ತುದಿಯನ್ನು ಸ್ವಿಚ್‌ಗೆ ಚುಚ್ಚಬೇಡಿ, ಇಡೀ ನೆಟ್‌ವರ್ಕ್ ಕುಸಿಯಬಹುದು.

ಕೇಳಿದವರು: ಶನಿವಾರ ಗಿಗಾಬಿಟ್ ವೇಗದ ಸ್ವಿಚ್ ತರುತ್ತೇನೆ. ಹಳೇ ಕೇಬಲ್ ನಡೆಯುತ್ತಾ?

ಉತ್ತರ: ಕೇಬಲ್ ಮೇಲೆ ಅದರ ದರ್ಜೆ ಕ್ಯಾಟ್ 5ಇ (Cat 5e) ಅಂತ ಇದ್ದರೆ ಸಾಕು.